ಮೂಗಿಗೆ ಟವೆಲ್ ಸುತ್ತಿಕೊಂಡರೂ ಔಷಧಿ ಹೊಡೆದ ಸಂಜೆ ತಲೆ ಸುತ್ತುವುದೇಕೆ?

ಬೆಂಗಳೂರಿನ ಆಚೆಗಿನ ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಅವರ ಎಚ್ಚರಿಕೆ ತಪ್ಪಲ್ಲ. ಆದರೆ ಸಿಂಪಡಣೆಯಲ್ಲಿ ಕೀಟನಾಶಕ ಮೈಸೇರುವುದು ಉಸಿರಿಗಿಂತ ಹೆಚ್ಚಾಗಿ ಚರ್ಮದ ಮೂಲಕ.

ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಸಿಂಪಡಿಸುವ ಗನ್ನನ್ನು ಮೇಲಕ್ಕೆ ಹಿಡಿದಾಗ ಎಲೆಗಳಿಂದ ತೊಟ್ಟಿಕ್ಕುವ ದ್ರಾವಣ ಹಣೆ, ಕುತ್ತಿಗೆಗೆ ಬಿದ್ದು, ಎತ್ತಿದ ತೋಳಿನಗುಂಟ ಕಂಕುಳಿಗೆ ಇಳಿಯುತ್ತದೆ. ಬೆನ್ನಿಗೆ ಕಟ್ಟಿದ ಕ್ಯಾನ್ ಸೋರಿದರಂತೂ ಅಂಗಿ, ಒಳಉಡುಪು ನೆನೆದು ತೊಡೆಸಂದಿಯವರೆಗೂ ವಿಷ ಹರಿಯುತ್ತದೆ, ಮತ್ತು ಮುಂಗೈಗೆ ಹೋಲಿಸಿದರೆ ಹಣೆ, ಕಂಕುಳು, ಜನನಾಂಗದ ಚರ್ಮ ಅದನ್ನು ಹಲವು ಪಟ್ಟು ಹೆಚ್ಚು ಹೀರುತ್ತದೆ. ನೆನೆದ ಟವೆಲ್ ಕೂಡ ವಿಷವನ್ನು ಮುಖಕ್ಕೆ ಅಂಟಿಸಿಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯದ ಗಳಿಗೆ ಬಾಟಲಿಯಿಂದ ಬಕೆಟ್ಟಿಗೆ ಸುರಿದು ಬರಿಗೈಯಲ್ಲಿ ಕಲಕುವ ಗಳಿಗೆ, ಏಕೆಂದರೆ ಆಗ ಅದಕ್ಕೆ ಇನ್ನೂ ನೀರು ಬೆರೆತಿರುವುದಿಲ್ಲ.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಅದು ಮತ್ತೆ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ಅಷ್ಟರೊಳಗೆ ಇನ್ನೊಂದು ತೋಟದ ಕೆಲಸ ಬಂದಿರುತ್ತದೆ. ಹೀಗಾಗಿ ಕಳೆದ ತಿಂಗಳು ಏನೂ ಆಗದಷ್ಟೇ ಪ್ರಮಾಣ ಈ ಬಾರಿ ವಾಂತಿ ತರಿಸಬಹುದು. ಇದನ್ನು "ಬಿಸಿಲಿನ ಸುಸ್ತು" ಎಂದು ತಳ್ಳಿಹಾಕುವುದು ನನಗೆ ಅತ್ಯಂತ ನೋವಿನ ವಿಷಯ.

ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಬೂಟು, ಕಲಕಲು ಉದ್ದನೆಯ ಕೋಲು ಬೇಕೇ ಬೇಕು. ಮೈ ಬೆವರಿದಷ್ಟೂ ಚರ್ಮ ಹೆಚ್ಚು ಹೀರುವುದರಿಂದ ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸುವುದು ಒಳ್ಳೆಯದು. 1971ರ ಕೀಟನಾಶಕ ನಿಯಮಗಳು ಸಿಂಪಡಿಸುವವರಿಗೂ ರಕ್ಷಣಾ ಉಡುಪು ಇರಬೇಕೆನ್ನುತ್ತವೆ. ಅದರ ಖರ್ಚು ದಿನಗೂಲಿಯವರ ತಲೆಗೆ ಬೀಳುವುದು ಅನ್ಯಾಯ.

ಬೆವರು, ಜೊಲ್ಲು ಹೆಚ್ಚಾಗಿ, ಕಣ್ಣು ಮಂಜಾಗಿ, ಉಸಿರು ಕಟ್ಟತೊಡಗಿದರೆ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಸಿ, ಬಲವಂತವಾಗಿ ವಾಂತಿ ಮಾಡಿಸದೆ ಆಸ್ಪತ್ರೆಗೆ ಧಾವಿಸಬೇಕು. ಬಾಟಲಿಯ ಲೇಬಲ್ ಜೊತೆಗಿರಲಿ: ಅಟ್ರೋಪಿನ್ ಎಂಬ ಪ್ರತಿವಿಷ ಕೊಡಬೇಕೇ ಬೇಡವೇ ಎಂದು ವೈದ್ಯರು ನಿರ್ಧರಿಸಲು ಅದರಲ್ಲಿರುವ ಹೆಸರು ನೆರವಾಗುತ್ತದೆ.