ಮೈಕಿನ ಮುಂದೆ ಯಾರಿರಬೇಕು?

ಉತ್ಸವದ ದಿನಗಳು ಬಂದವೆಂದರೆ ಸಂಘಟಕರು ಆಮಂತ್ರಣ ಪತ್ರಿಕೆ ಹಿಡಿದು ಆಕಾಶವಾಣಿ ಕೇಂದ್ರಕ್ಕೆ ಬರುತ್ತಾರೆ. ‘ನಮ್ಮ ಕಾರ್ಯಕ್ರಮ ಕವರ್ ಮಾಡಿ ಸಾರ್’ ಅಂದ ಬೆನ್ನಿಗೇ ‘ವೇದಿಕೆ ಮೇಲಿದ್ದವರ ಹೆಸರು ಒಂದೂ ಬಿಟ್ಟುಹೋಗಬಾರದು’ ಅನ್ನುತ್ತಾರೆ. ಕಾರ್ಯಕ್ರಮ ನಿರ್ಮಾಪಕನಾಗಿ ಇದಕ್ಕೆ ಉತ್ತರ ಹೇಳಿ ಹೇಳಿ ಬೇಸತ್ತಿದ್ದೇನೆ. ಆದರೂ ಇನ್ನೊಮ್ಮೆ ಹೇಳುತ್ತೇನೆ: ರೇಡಿಯೊಗೆ ನಿಮ್ಮ ಕಲಾವಿದರ ದನಿ ಬೇಕು, ಸಭೆಯ ವರದಿ ಬೇಡ.

ಪತ್ರಿಕೆಯಲ್ಲಾದರೆ ಫೋಟೊದ ಕೆಳಗಿನ ಹೆಸರುಗಳಲ್ಲಿ ತನಗೆ ಬೇಕಾದ್ದನ್ನು ಓದುಗ ಹುಡುಕಿಕೊಳ್ಳುತ್ತಾನೆ. ಕೇಳುಗರಿಗೆ ಆ ಅನುಕೂಲವಿಲ್ಲ. ಸೊಪ್ಪು ಬಿಡಿಸುತ್ತಲೋ ಹಾಲು ಕರೆಯುತ್ತಲೋ ಕೇಳುವವರು ಅವರು. ಗಣ್ಯರ ಪಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಅವರ ಗಮನ ಎಲ್ಲೋ ಹೋಗಿರುತ್ತದೆ. ಅದೇ ಗೀಗೀ ಮೇಳದ ದಪ್ಪಿನ ಪೆಟ್ಟು ಬಿದ್ದು, ತುಂತುಣಿ ಮಿಡಿದು, ಹಿಮ್ಮೇಳದವರು ದನಿಗೂಡಿಸಲಿ, ಕೈಯಲ್ಲಿದ್ದ ಕೆಲಸ ತಾನಾಗಿ ನಿಲ್ಲುತ್ತದೆ.

ಆ ದನಿ ಹಿಡಿಯುವುದು ಸುಲಭವಲ್ಲ. ಯಕ್ಷಗಾನದಲ್ಲಿ ಚಂಡೆಯ ಪಕ್ಕ ಮೈಕಿಟ್ಟರೆ ಭಾಗವತರು ಕೇಳಿಸುವುದಿಲ್ಲ. ಕಂಸಾಳೆಯ ಕಂಚು ಒಂದಕ್ಕೊಂದು ಬಡಿದಾಗ ದನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತದೆ, ಮಟ್ಟ ಇಳಿಸಿದರೆ ಹಾಡು ಮಂಕಾಗುತ್ತದೆ. ಇದರ ಮೇಲೆ ವೇದಿಕೆಯ ಹಿಂದೆಯೇ ಜನರೇಟರ್! ಅದಕ್ಕೇ ‘ಮೇಳದವರನ್ನು ಒಂದು ಹಗಲು ಸ್ಟುಡಿಯೊಗೆ ಕಳಿಸಿ’ ಎಂದು ಕೇಳುವುದು. ಸಂಘಟಕರ ಮುಖ ಅಲ್ಲಿಗೆ ಚಿಕ್ಕದಾಗುತ್ತದೆ, ಸ್ಟುಡಿಯೊದಲ್ಲಿ ಉದ್ಘಾಟನೆ ಇರುವುದಿಲ್ಲವಲ್ಲ. ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆ ರೇಡಿಯೊದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದು ಕರಾವಳಿಯ ಕೇಳುಗರಿಗೆ ಗೊತ್ತು.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದಾಗಲೂ ಅವರ ಬಂಡವಾಳ ಊರಿನವರ ಹಾಡು, ಮಾತುಗಳೇ.

ವಾರ್ತಾ ವಿಭಾಗದ ಲೆಕ್ಕ ಬೇರೆ. ಪ್ರದೇಶ ಸಮಾಚಾರಕ್ಕೆ ಸಿಗುವುದು ಕೆಲವೇ ನಿಮಿಷ. ಜಲಾಶಯದ ಮಟ್ಟ, ಕುಸಿದ ಘಾಟಿ ರಸ್ತೆ, ಬೆಳೆ ವಿಮೆಯ ಕೊನೆಯ ದಿನ ಇವನ್ನು ಬಿಟ್ಟು ಸನ್ಮಾನಿತರ ಹೆಸರು ಓದಲಾಗದು. ಚುನಾವಣೆ ಘೋಷಣೆಯಾಗಿದ್ದರಂತೂ ವೇದಿಕೆಯ ರಾಜಕೀಯ ಭಾಷಣವನ್ನು ನಾವು ಮುಟ್ಟುವಂತಿಲ್ಲ. ಧ್ವನಿಮುದ್ರಿಸಿದ್ದೆಲ್ಲ ಪ್ರಸಾರವಾಗುತ್ತದೆಂಬ ಭರವಸೆಯನ್ನೂ ನಾನು ಕೊಡಲಾರೆ.

ಒಂದು ಆಮಂತ್ರಣದಲ್ಲಿ ಅತಿಥಿಗಳ ಹೆಸರು ಪದವಿಸಮೇತ ಅಚ್ಚಾಗಿತ್ತು. ಹಾಡುವವರಿಗೆ ‘ಮತ್ತು ಸಂಗಡಿಗರು’ ಅಂತಷ್ಟೇ. ಚೌಡಿಕೆ ನುಡಿಸಿದ ಹಿರಿಯ ಜೋಗತಿಯ ಹೆಸರು ಸಂಘಟಕರಿಗೇ ಗೊತ್ತಿರಲಿಲ್ಲ. ಆಕೆಯನ್ನೇ ಕೇಳಿದೆ. ತನ್ನ ಹೆಸರಿನ ಜೊತೆ ಕಲಿಸಿದವಳ ಹೆಸರನ್ನೂ ಹೇಳಿ, ‘ನನ್ನದು ಬಿಟ್ರೂ ನಡೀತೈತ್ರಿ, ಆಕಿದು ಓದ್ರಿ’ ಅಂದಳು. ಎರಡನ್ನೂ ಓದಿಸಿದೆವು.

ಹಾಗಾಗಿ ಪಟ್ಟಿ ತರುವುದಿದ್ದರೆ ಹಾಡುವವರದು, ನುಡಿಸುವವರದು ತನ್ನಿ. ಊರು, ವಾದ್ಯ, ಯಾರಲ್ಲಿ ಕಲಿತರು ಎಂಬುದನ್ನೂ ಬರೆದಿರಿ. ಕಾರ್ಯಕ್ರಮ ಮುಗಿದ ಮೇಲಲ್ಲ, ವಾರಗಳ ಮುಂಚೆ ತನ್ನಿ. ಪ್ರಸಾರದ ಯೋಜನೆ ಮೊದಲೇ ಸಿದ್ಧವಾಗಿರುತ್ತದೆ.