ಶೂ ಸೋಲ್ ಪುಡಿಯಾದ ಮೇಲೆ ಅರ್ಥವಾದ ಡೈನಾಮಿಕ್ ಬಂಧ

ಅಣ್ಣನ ಮದುವೆಗೆ ತಂದಿದ್ದ ಶೂ ಮೂರು ಮಳೆಗಾಲ ತೀರ್ಥಹಳ್ಳಿ ಮನೆಯ ಅಟ್ಟದಲ್ಲೇ ಇತ್ತು. ಮೊನ್ನೆ ಹಾಕಿಕೊಂಡು ಅಂಗಳ ದಾಟಿದೆ ಅಷ್ಟೇ, ಸೋಲ್ ರಸ್ಕಿನ ಹಾಗೆ ಪುಡಿಪುಡಿ. ಸವೆದಿದ್ದಲ್ಲ, ಹಾಕಿದ್ದೇ ಒಂದು ದಿನ. ಈ ಶೂ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಬೇಸಿಕ್. ಆ ಸೋಲ್‌ನ ವಸ್ತು ಪಾಲಿಯುರೆಥೇನ್. ಎರಡೂ ತುದಿಯಲ್ಲಿ ಐಸೋಸಯನೇಟ್ (ಎನ್‌ಸಿಓ ಗುಂಪು) ಇರುವ ಅಣು, ಎರಡೂ ತುದಿಯಲ್ಲಿ ಓಎಚ್ ಇರುವ ಪಾಲಿಯಾಲ್, ಇವು ಸೇರಿದಲ್ಲಿ ಯುರೆಥೇನ್ ಬಂಧ. ಹೀಗೆ ಸಾಲಾಗಿ ಸೇರುತ್ತ ಹೋದ ಉದ್ದ ಸರಪಳಿಯೇ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬೇಯರ್ ತಂಡ ಇದನ್ನು ಮಾಡಿ ತೋರಿಸಿತು. (ಬೇಯರ್ ಕಂಪನಿ ಕಟ್ಟಿದ ಮನೆತನಕ್ಕೂ ಇವರಿಗೂ ಸಂಬಂಧವಿಲ್ಲ, ಹೆಸರು ಒಂದೇ ಅಷ್ಟೆ.)

ಉದ್ದನೆಯ ಪಾಲಿಯಾಲ್ ಭಾಗ ಮೆದು, ಸುರುಳಿ ಸುತ್ತಿಕೊಂಡಿರುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಐಸೋಸಯನೇಟ್ ಜೊತೆ ಬ್ಯೂಟೇನ್‌ಡಯಾಲ್‌ನಂಥ ಸಣ್ಣ ಅಣು, ಅಂದರೆ ಚೈನ್ ಎಕ್ಸ್‌ಟೆಂಡರ್, ಸೇರಿದ ಭಾಗ ಗಟ್ಟಿ. ಗಟ್ಟಿ ಭಾಗಗಳು ಹೈಡ್ರೋಜನ್ ಬಂಧದಿಂದ (ಒಂದು ಗುಂಪಿನ ಹೈಡ್ರೋಜನ್‌ಗೂ ಇನ್ನೊಂದರ ಆಕ್ಸಿಜನ್‌ಗೂ ನಡುವಿನ ಸಡಿಲ ಸೆಳೆತ) ಗುಂಪುಗೂಡಿ ಸರಪಳಿ ಜಾರದಂತೆ ಹಿಡಿದಿರುತ್ತವೆ. ಹೈಡ್ರೋಜನ್ ಬಂಧದ ಬಲ ಮೋಲ್‌ಗೆ ಸುಮಾರು 10ರಿಂದ 40 ಕಿಲೋಜೌಲ್, ಕಾರ್ಬನ್-ಕಾರ್ಬನ್ ಬಂಧದ್ದು ಸುಮಾರು 350. ಹಾಗಾಗಿ ಜೋರಾಗಿ ಎಳೆದಾಗ ಮೊದಲು ಬಿಡುವುದು ಹೈಡ್ರೋಜನ್ ಬಂಧ. ಅದು ಶಕ್ತಿ ನುಂಗಿಕೊಂಡು ಬಿಡುತ್ತದೆ, ಮುಖ್ಯ ಸರಪಳಿ ಉಳಿಯುತ್ತದೆ, ಆಮೇಲೆ ಮತ್ತೆ ಕೂಡುತ್ತದೆ. ಹರಿಯದೆ ತಾಳುವ ಗುಣ ಹೆಚ್ಚಾಗಿ ಬರುವುದು ಇಲ್ಲಿಂದಲೇ.

ಆದರೆ ಸರಪಳಿಗಳ ನಡುವೆ ಗಟ್ಟಿ ಕೋವೇಲೆಂಟ್ (ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡ) ಅಡ್ಡಬಂಧ ಹಾಕಿದ ಪಾಲಿಯುರೆಥೇನ್ ಒಮ್ಮೆ ಹರಿದರೆ ಮುಗಿಯಿತು, ಕರಗಿಸಿ ಮತ್ತೆ ಅಚ್ಚು ಹಾಕುವುದೂ ಕಷ್ಟ. ಕೋವೇಲೆಂಟ್ ಆಗಿದ್ದೂ ಬಿಟ್ಟು ಹಿಡಿಯಬಲ್ಲ ಬಂಧ, ಅಂದರೆ ಡೈನಾಮಿಕ್ ಬಂಧ, ಬೇಕಾಗುವುದು ಇಲ್ಲಿ.

ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ, ಅಡಿಕೆ ತೋಟದಲ್ಲಿ ಕೊನೆಗೌಡರನ್ನು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ನೋಡಿ. ಒಂದು ಮರದ ಕೊನೆ ಇಳಿಸಿ, ಕೆಳಗೆ ಬಂದು, ಇನ್ನೊಂದು ಮರ ಹತ್ತುವುದು ಒಂದು ರೀತಿ. ಡೀಲ್ಸ್-ಆಲ್ಡರ್ ಬಂಧ ಹೀಗೆ: ಫ್ಯೂರಾನ್ ಮತ್ತು ಮ್ಯಾಲಿಇಮೈಡ್ ಎಂಬ ಎರಡು ಉಂಗುರದಾಕಾರದ ಗುಂಪುಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೂಡುತ್ತವೆ, 120ರ ಆಸುಪಾಸಿನಲ್ಲಿ ಹೆಚ್ಚಿನವು ಬಿಡುತ್ತವೆ, ತಣ್ಣಗಾದರೆ ಮತ್ತೆ ಕೂಡುತ್ತವೆ. ಬಿಟ್ಟಾಗ ವಸ್ತು ಮೆತ್ತಗಾಗಿ ಹರಿಯುತ್ತದೆ. ಇನ್ನೊಂದು ರೀತಿ, ಪಳಗಿದ ಕೊನೆಗೌಡರು ಮಾಡುವುದು. ಮೇಲೆಯೇ ಮರ ಬಾಗಿಸಿ ಪಕ್ಕದ ಮರ ಹಿಡಿದ ಮೇಲೇ ಮೊದಲಿನದು ಬಿಡುತ್ತಾರೆ. ಇಲ್ಲಿ ಅಡ್ಡಬಂಧಗಳ ಒಟ್ಟು ಲೆಕ್ಕ ಕಡಿಮೆಯಾಗುವುದೇ ಇಲ್ಲ, ಸುಮ್ನೆ ಜಾಗ ಬದಲಾಗುತ್ತದೆ. 2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ತಂಡ ಎಪಾಕ್ಸಿ ಎಂಬ ಗಟ್ಟಿ ರಾಳದಲ್ಲಿ ತೋರಿಸಿದ ವಿಟ್ರಿಮರ್ ಈ ಜಾತಿ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಬೇಡಿ, ನಾನು ಮಾಡಿ ಮಾರ್ಕ್ಸ್ ಕಳಕೊಂಡಿದ್ದೇನೆ.

ಪಾಲಿಯುರೆಥೇನ್‌ನಲ್ಲಿ ಜಾಸ್ತಿ ಕಾಣುವುದು ಡೈಸಲ್ಫೈಡ್. ಚೈನ್ ಎಕ್ಸ್‌ಟೆಂಡರ್ ಜಾಗದಲ್ಲಿ, ಬೆಂಜೀನ್ ಉಂಗುರಗಳ ನಡುವೆ ಎರಡು ಗಂಧಕ ಇರುವ ಡೈಅಮೀನ್ (ಎರಡು ತುದಿಯಲ್ಲೂ ಅಮೀನ್, ಅಂದರೆ ಎನ್‌ಎಚ್2, ಇರುವ ಅಣು) ಹಾಕುತ್ತಾರೆ. ಈ ಗಂಧಕದ ಜೋಡಿಗಳು ಕೋಣೆಯ ಉಷ್ಣತೆಯಲ್ಲೇ ಒಂದಕ್ಕೊಂದು ಸಂಗಾತಿ ಬದಲಿಸಬಲ್ಲವು. ಕತ್ತರಿಸಿದ ತುಂಡುಗಳನ್ನು ಒತ್ತಿ ಇಟ್ಟರೆ ಅಂಟಿಕೊಳ್ಳುತ್ತವೆ.

ಹಾಗಾದರೆ ಬೇಗ ಬಿಡುವ ಬಂಧವನ್ನೇ ತುಂಬಿಬಿಡಬಹುದಲ್ವಾ? ಆಗದು. ತಾನೇ ಕೂಡುವಷ್ಟು ಸಲೀಸಾಗಿ ಬಿಡುವ ಬಂಧ, ಭಾರ ಹೊತ್ತಾಗಲೂ ಅಷ್ಟೇ ಸಲೀಸಾಗಿ ಬಿಡುತ್ತದೆ. ವಸ್ತು ನಿಧಾನಕ್ಕೆ ಉದ್ದವಾಗುತ್ತದೆ, ಭಾರ ತೆಗೆದ ಮೇಲೂ ಮೊದಲಿನಂತಾಗುವುದಿಲ್ಲ. ಇದೇ ಕ್ರೀಪ್. ಆದ್ದರಿಂದ ಕೆಲವು ಬಂಧ ಖಾಯಂ, ಕೆಲವು ಡೈನಾಮಿಕ್ ಎಂದು ಬೆರೆಸುತ್ತಾರೆ.

ಈಗ ಶೂ. ಅದರ ಮೆದು ಭಾಗ ಪಾಲಿಎಸ್ಟರ್ ಆಗಿದ್ದಿರಬೇಕು. ಎಸ್ಟರ್ ಬಂಧವನ್ನು ತೇವ ನಿಧಾನಕ್ಕೆ ಕಡಿಯುತ್ತದೆ, ನಮ್ಮ ಅಟ್ಟದಲ್ಲಿ ತೇವಕ್ಕೇನು ಬರ? ಹಾಗೆ ಕಡಿದದ್ದು ತಾನಾಗಿ ಕೂಡುವುದಿಲ್ಲ. ಡೈನಾಮಿಕ್ ಬಂಧಗಳಲ್ಲೂ ಇಮೈನ್ (ಕಾರ್ಬನ್-ನೈಟ್ರೋಜನ್ ಜೋಡಿಬಂಧ), ಬೋರೋನಿಕ್ ಎಸ್ಟರ್ (ಬೋರಾನ್-ಆಕ್ಸಿಜನ್ ಬಂಧ) ನೀರಿಗೆ ಹೆದರುವಂಥವು. ಹಿಂಡರ್ಡ್ ಯೂರಿಯಾ (ಐಸೋಸಯನೇಟ್ ಮತ್ತು ಪಕ್ಕದಲ್ಲಿ ದಪ್ಪ ಗುಂಪಿರುವ ಅಮೀನ್ ಸೇರಿದ ಬಂಧ) ಇನ್ನೂ ಮಜಾ: ಅದು ಬಿಟ್ಟಾಗ ಐಸೋಸಯನೇಟ್ ಹೊರಬರುತ್ತದೆ, ಅಷ್ಟರಲ್ಲಿ ನೀರು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಅಮೀನ್ ಉಳಿಯುತ್ತದೆ, ಮತ್ತೆ ಕೂಡಲು ಜೋಡಿಯೇ ಇರುವುದಿಲ್ಲ. ಆಗುಂಬೆ ಮಳೆಯಲ್ಲಿ ತೋಟಕ್ಕೆ ಹೋಗುವ ಬೂಟಿಗೆ ನನ್ನನ್ನು ಕೇಳಿದರೆ, ಮೆದು ಭಾಗಕ್ಕೆ ಎಸ್ಟರ್ ಇಲ್ಲದ ಪಾಲಿಈಥರ್, ಬಂಧಕ್ಕೆ ಡೈಸಲ್ಫೈಡ್ ಎನ್ನುತ್ತೇನೆ.