ಮೆಶ್ ಬದಲಾದರೆ ಹಚ್ಚಿದ ಬಣ್ಣ ಎಲ್ಲಿಗೆ ಹೋಗುತ್ತದೆ?

ಡಿಜಿಟಲ್ ಶಿಲ್ಪ ಮಾಡುವವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಒಂದು ಮುಖ ಕೆತ್ತಿ, ಮಚ್ಚೆ, ಸುಕ್ಕು, ತುಟಿಯ ಕೆಂಪು ಎಲ್ಲ ಹಚ್ಚಿ ಮುಗಿಸಿರುತ್ತೀರಿ. ಆಮೇಲೆ ಅನಿಮೇಷನ್‌ಗೆ ಒಗ್ಗಲಿ ಎಂದು ಮೆಶ್ಶನ್ನು, ಅಂದರೆ ಆಕಾರವನ್ನು ಹಿಡಿದಿಡುವ ಬಿಂದು-ಗೆರೆಗಳ ಬಲೆಯನ್ನು, ಹೊಸದಾಗಿ ಕಟ್ಟುತ್ತೀರಿ. ಆಕಾರ ಹಾಗೇ ಇರುತ್ತದೆ, ಬಣ್ಣ ಮಾತ್ರ ಪೂರ್ತಿ ಮಾಯ. ಮೊದಲ ಸಲ ಹೀಗಾದಾಗ ಫೈಲೇ ಕೆಟ್ಟಿತೆಂದು ನಾನು ಹೆದರಿದ್ದೆ. ಏನೂ ಕೆಟ್ಟಿರಲಿಲ್ಲ. ಬಣ್ಣಕ್ಕೆ ವಿಳಾಸ ತಪ್ಪಿತ್ತು, ಅಷ್ಟೆ.

ಈ ವಿಳಾಸದ ಪ್ರಶ್ನೆಗೆ ಐವತ್ತು ವರ್ಷ ತುಂಬಿದೆ. 1974ರಲ್ಲಿ ಎಡ್ ಕ್ಯಾಟ್‌ಮಲ್ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ, ಬಾಗಿದ ಮೇಲ್ಮೈಗೆ ಚಿತ್ರ ಹೊದಿಸುವ ದಾರಿ ತೋರಿಸಿದರು. ಮೇಲ್ಮೈಯ ಪ್ರತಿ ಜಾಗಕ್ಕೂ ಚಿತ್ರದಲ್ಲಿ ಒಂದು ಜಾಗ ಗೊತ್ತು ಮಾಡುವುದು ಅದರ ತಿರುಳು. ಇಂದು ನಾವು ಯುವಿ ಎನ್ನುವ ವಿಳಾಸ ಅದೇ. 1978ರಲ್ಲಿ ಜಿಮ್ ಬ್ಲಿನ್ ಬಣ್ಣದ ಬದಲು ಉಬ್ಬುತಗ್ಗಿನ ಭ್ರಮೆಯನ್ನೇ ಚಿತ್ರದಿಂದ ತಂದರು. 1984ರಲ್ಲಿ ರಾಬ್ ಕುಕ್ ಮೇಲ್ಮೈಯನ್ನು ನಿಜವಾಗಿಯೇ ಸರಿಸುವ ಡಿಸ್‌ಪ್ಲೇಸ್‌ಮೆಂಟ್ ತಂದರು.

ಒಂದು ಮೆಶ್‌ನಿಂದ ಇನ್ನೊಂದಕ್ಕೆ ಸಾಗಿಸುವ ಅಗತ್ಯ ಜೋರಾಗಿದ್ದು 3ಡಿ ಸ್ಕ್ಯಾನರ್‌ಗಳು ಬಂದ ಮೇಲೆ. ಮಾರ್ಕ್ ಲೆವಾಯ್ ನೇತೃತ್ವದ ಸ್ಟ್ಯಾನ್‌ಫರ್ಡ್ ತಂಡ 1999ರಲ್ಲಿ ಮೈಕೆಲ್ಯಾಂಜೆಲೊನ ಡೇವಿಡ್ ಶಿಲ್ಪವನ್ನು ಸ್ಕ್ಯಾನ್ ಮಾಡಿತು. ಸಿಕ್ಕಿದ್ದು ಸುಮಾರು 200 ಕೋಟಿ ಪಾಲಿಗನ್, ಅಂದರೆ ಮೆಶ್‌ನ ಪುಟ್ಟ ತುಂಡುಗಳು. ಅಷ್ಟು ಭಾರದ ಮೆಶ್ಶನ್ನು ಆಗಿನ ಯಾವ ಕಂಪ್ಯೂಟರ್ ತಾನೇ ಸಲೀಸಾಗಿ ತಿರುಗಿಸೀತು? ಹಗುರ ಮಾಡಲೇಬೇಕು. ಹಗುರ ಮಾಡಿದರೆ ಉಳಿಯ ಗುರುತು, ಕಲ್ಲಿನ ಬಣ್ಣ ಹೋಗುತ್ತವೆ. ಇದಕ್ಕೆ 1998ರಲ್ಲೇ ಪಾವೊಲೊ ಚಿನ್ಯೋನಿ ಮತ್ತು ಸಂಗಡಿಗರು ತುಂಬಾ ಸರಳವಾದ ಉಪಾಯ ಹೇಳಿದ್ದರು. ಹಗುರ ಮೆಶ್‌ನ ಮೇಲೆ ಒತ್ತೊತ್ತಾಗಿ ಬಿಂದುಗಳನ್ನು ಇಡಿ. ಪ್ರತಿ ಬಿಂದುವಿಗೂ ಭಾರದ ಮೆಶ್‌ನಲ್ಲಿ ಅತಿ ಹತ್ತಿರದ ಜಾಗ ಹುಡುಕಿ. ಅಲ್ಲಿರುವ ಬಣ್ಣವನ್ನು, ವಿವರವನ್ನು ತಂದು ಟೆಕ್ಸ್ಚರ್‌ನಲ್ಲಿ (ಮೇಲ್ಮೈಗೆ ಹೊದಿಸುವ ಚಿತ್ರದಲ್ಲಿ) ಬರೆಯಿರಿ. ಇಂದು ನಾವು ಬೇಕ್ ಮಾಡುವುದು ಅಂದರೆ ಹೆಚ್ಚುಕಡಿಮೆ ಇದೇ. 2004ರಲ್ಲಿ ಡೂಮ್ 3 ಬಂದ ಮೇಲೆ ಗೇಮ್ ಮಾಡುವವರಿಗೆಲ್ಲ ಇದು ದಿನದ ಕೆಲಸವಾಯಿತು.

ಶಿಲ್ಪಿಗಳ ತಲೆನೋವು ಬೇರೆ. ಯುವಿಗಾಗಿ ಮೇಲ್ಮೈಯನ್ನು ಸಿಪ್ಪೆಯಂತೆ ಚಪ್ಪಟೆಯಾಗಿ ಬಿಡಿಸುವುದು ಬೇಸರದ ಕೆಲಸ, ಕೆತ್ತುವ ಹುರುಪೇ ಇಳಿದುಹೋಗುತ್ತದೆ. ಝೀಬ್ರಶ್ ಎಂಬ ಶಿಲ್ಪದ ಸಾಫ್ಟ್‌ವೇರ್‌ನ ಪಾಲಿಪೇಂಟ್ ಆ ಹಂಗನ್ನೇ ಕಿತ್ತುಹಾಕಿತು. ಬಣ್ಣ ನೇರವಾಗಿ ವರ್ಟೆಕ್ಸ್ ಮೇಲೆ, ಅಂದರೆ ಮೆಶ್‌ನ ಗೆರೆಗಳು ಸೇರುವ ಬಿಂದುವಿನ ಮೇಲೆ, ಕೂರುತ್ತದೆ, ಯುವಿ ಬೇಕಿಲ್ಲ. ನನ್ನಂಥವರಿಗೆ ಅದು ದೊಡ್ಡ ಬಿಡುಗಡೆ. ಆದರೆ ಈಗ ವರ್ಟೆಕ್ಸೇ ವಿಳಾಸ. 4096×4096 ಚಿತ್ರದಷ್ಟು ವಿವರ ಬೇಕಾದರೆ ಸುಮಾರು 1.68 ಕೋಟಿ ವರ್ಟೆಕ್ಸ್ ಬೇಕು. ಆ ವರ್ಟೆಕ್ಸ್ ಇಲ್ಲವಾದ ಕ್ಷಣ ಅದರ ಬಣ್ಣವೂ ಇಲ್ಲ.

ಝೀಬ್ರಶ್‌ಗೆ ಮೆಶ್ಶನ್ನು ತಾನೇ ಹೊಸದಾಗಿ ಕಟ್ಟುವ ಸಲಕರಣೆಗಳು ಬಂದವು: 2011ರಲ್ಲಿ ಡೈನಾಮೆಶ್, 2013ರಲ್ಲಿ ಝೀರೀಮೆಶರ್. ಮೊದಲು ವಾರಗಟ್ಟಲೆ ಯೋಚಿಸಿ ಮಾಡುತ್ತಿದ್ದ ಮೆಶ್ ಬದಲಾವಣೆ ದಿನಕ್ಕೆ ಹತ್ತು ಸಲ ಆಗತೊಡಗಿತು. ಹಾಗಾಗಿ ಹಳೆಯದರಿಂದ ಹೊಸದಕ್ಕೆ ಪ್ರೊಜೆಕ್ಟ್ ಮಾಡುವುದು ಸುಮ್ನೆ ಒಂದು ಸೌಲಭ್ಯವಾಗಿ ಉಳಿಯಲಿಲ್ಲ, ಅದಿಲ್ಲದೆ ಕೆಲಸವೇ ಸಾಗದಂತಾಯಿತು. ಎರಡೂ ಮೆಶ್ ಒಂದರ ಮೇಲೊಂದು ಕೂತಿರಬೇಕು. ಹೊಸ ಮೆಶ್‌ನ ಪ್ರತಿ ವರ್ಟೆಕ್ಸ್ ಹಳೆಯ ಮೇಲ್ಮೈಯಲ್ಲಿ ತನ್ನ ಜೋಡಿ ಜಾಗ ಹುಡುಕಿ ಆಕಾರವನ್ನೂ ಬಣ್ಣವನ್ನೂ ತಂದುಕೊಳ್ಳುತ್ತದೆ.

ಎಡವುವುದೂ ಇಲ್ಲೇ. ಎರಡು ಮೇಲ್ಮೈ ಅಂಟಿಕೊಂಡ ಜಾಗದಲ್ಲಿ ‘ಹತ್ತಿರದ್ದು’ ಅಂದರೆ ಯಾವುದು? ಕೆಳತುಟಿಗೆ ಹತ್ತಿರ ಇರುವುದು ಮೇಲ್ತುಟಿಯೂ ಹೌದು, ಅಲ್ವಾ? ಒಂದು ಬೆರಳಿನ ಉಗುರುಬಣ್ಣ ಪಕ್ಕದ ಬೆರಳಿಗೆ ಹೋಗುತ್ತದೆ. ಕಿವಿಯ ಹಿಂದೆ ಮೆಶ್ ಮುಳ್ಳುಮುಳ್ಳಾಗಿ ಸಿಡಿಯುತ್ತದೆ. ಹುಡುಕುವ ದೂರ ಕಮ್ಮಿ ಇಟ್ಟರೆ ವಿವರ ಸಿಗುವುದಿಲ್ಲ, ಜಾಸ್ತಿ ಇಟ್ಟರೆ ಬೇರೆಯವರ ವಿವರ ಸಿಗುತ್ತದೆ. ಅನುಭವ ಇರುವವರು ಒಂದೇ ಏಟಿಗೆ ಮಾಡುವುದಿಲ್ಲ. ಕಮ್ಮಿ ವರ್ಟೆಕ್ಸ್ ಇರುವ ಕೆಳಗಿನ ಹಂತದಲ್ಲಿ ಪ್ರೊಜೆಕ್ಟ್ ಮಾಡಿ, ಸಬ್‌ಡಿವೈಡ್ ಮಾಡಿ (ಮೆಶ್ಶನ್ನು ಇನ್ನಷ್ಟು ಸಣ್ಣ ತುಂಡು ಮಾಡಿ), ಮತ್ತೆ ಪ್ರೊಜೆಕ್ಟ್ ಮಾಡುತ್ತಾರೆ. ಬಾಯಿಯ ಒಳಭಾಗಕ್ಕೆ ಏನೂ ತಾಗದಂತೆ ಮಾಸ್ಕ್ ಹಾಕುತ್ತಾರೆ. ಮೊದಲೇ ಮಾರ್ಫ್ ಟಾರ್ಗೆಟ್ (ಆಗಿನ ಆಕಾರದ ನಕಲು) ಉಳಿಸಿಕೊಂಡು, ಸಿಡಿದ ಜಾಗವನ್ನು ಮಾರ್ಫ್ ಬ್ರಶ್‌ನಿಂದ ಹಿಂದಕ್ಕೆ ತರುತ್ತಾರೆ.

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಬೇರೆಯೇ ಕಾಟ. ಮೆಶ್ ಸಾಗಿಸಲು ಬಳಸುವ ಒಬಿಜೆ ಫೈಲಿನ ಮೂಲ ರೂಪದಲ್ಲಿ ವರ್ಟೆಕ್ಸ್ ಬಣ್ಣಕ್ಕೆ ಜಾಗವೇ ಇರಲಿಲ್ಲ. ಝೀಬ್ರಶ್ ಅದನ್ನು ಟಿಪ್ಪಣಿಗೆಂದಿರುವ ಕಾಮೆಂಟ್ ಸಾಲುಗಳಲ್ಲಿ ಬರೆಯುತ್ತದೆ. ಬೇರೆ ಕೆಲವು ಸಾಫ್ಟ್‌ವೇರ್‌ಗಳು ವರ್ಟೆಕ್ಸ್ ಸಾಲಿನ ಕೊನೆಗೇ ಸೇರಿಸುತ್ತವೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದಲು ಬರದಿದ್ದರೆ ಬಿಳಿ ಗೊಂಬೆಯೇ ಗತಿ.

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ಗೆ 2015ರಲ್ಲಿ, ಒಂದು ಮೆಶ್‌ನ ಬಣ್ಣ ಮೊದಲಾದವನ್ನು ಇನ್ನೊಂದಕ್ಕೆ ಸಾಗಿಸುವ ಡೇಟಾ ಟ್ರಾನ್ಸ್‌ಫರ್ ಮಾಡಿಫೈಯರ್ ಬಂತು. ಅದರಲ್ಲಿ ನನಗೆ ಹಿಡಿಸಿದ್ದು, ವಿಳಾಸ ಹುಡುಕುವ ಬಗೆಯನ್ನು ನಮಗೇ ಬಿಟ್ಟಿರುವುದು. ವರ್ಟೆಕ್ಸ್‌ಗಳ ಸಂಖ್ಯೆ, ಕ್ರಮ ಎರಡೂ ಒಂದೇ ಇದ್ದರೆ ಟೋಪಾಲಜಿ ಎಂಬ ಬಗೆ ಆರಿಸಿ. ಬಣ್ಣ ನಂಬರಿಗೆ ನಂಬರ್ ಕೂರುತ್ತದೆ, ತುಟಿ ಅಂಟಿದ್ದರೂ ತೊಂದರೆಯಿಲ್ಲ. ಕ್ರಮ ಬದಲಾಗಿದ್ದರೆ ಹತ್ತಿರದ ಫೇಸೋ (ಮೆಶ್‌ನ ತುಂಡು) ಪ್ರೊಜೆಕ್ಷನ್ನೋ ಆರಿಸಬೇಕು, ಆಗ ತುಟಿಯ ಕಾಟ ಮತ್ತೆ ಶುರು. ಅದಕ್ಕೇ ನಾನೀಗ ಯಾವ ಮುಖ ಕೆತ್ತಿದರೂ ಬಾಯಿ ಸ್ವಲ್ಪ ತೆರೆದೇ ಇಡುತ್ತೇನೆ, ಬೆರಳುಗಳನ್ನು ಅಗಲಿಸಿಯೇ ಇಡುತ್ತೇನೆ. ಮುಚ್ಚುವುದು, ಮಡಚುವುದು ಬಣ್ಣ ಸಾಗಿಸಿ ಮುಗಿದ ಮೇಲೆ.